‘ವೆಜ್ ಇದೆಯೇ?’ ಎಂದವರಿಗೆ ನಾನು ಕೊಟ್ಟ ಉತ್ತರ

ನಾನು ಮಂಗಳೂರಿನ ಒಂದು ಥಾಯ್ ರೆಸ್ಟೋರೆಂಟಿನಲ್ಲಿ ಕ್ಯಾಪ್ಟನ್. ಈ ಮಾತು ಕೇಳಿ ಬ್ರಹ್ಮಾವರದ ನಮ್ಮ ನೆರೆಕರೆಯವರು ಬಹಳ ಕಾಲ ನಾನು ಹಡಗಿನಲ್ಲಿದ್ದೇನೆ ಎಂದೇ ತಿಳಿದಿದ್ದರು. ಹಡಗಿಗೋ ಗಲ್ಫಿಗೋ ಹೋದವರೇ ಸುತ್ತಮುತ್ತ ತುಂಬಿರುವಾಗ ಅವರ ತಪ್ಪೂ ಅಲ್ಲ. ಅಮ್ಮ ತಿದ್ದಲು ಹೋಗಲಿಲ್ಲ. ಹೋಟೆಲಿನವರ ಭಾಷೆಯಲ್ಲಿ ಕ್ಯಾಪ್ಟನ್ ಎಂದರೆ ಟೇಬಲಿನ ಬಳಿ ನಿಂತು ಆರ್ಡರ್ ಬರೆದುಕೊಳ್ಳುವವನು, ಅಡುಗೆಮನೆಗೆ ಕೆಓಟಿ ಎಂಬ ಆರ್ಡರ್ ಚೀಟಿ ಕಳುಹಿಸುವವನು, ಊಟ ತಡವಾದರೆ ಬೈಸಿಕೊಳ್ಳುವವನು.

ಇದಕ್ಕೆ ಮೊದಲು ಆರು ವರ್ಷ ಉಡುಪಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದೆ. ಅಲ್ಲಿ ಗಿರಾಕಿಗಳು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಏನುಂಟು?’ ಇಡ್ಲಿ, ವಡೆ, ಬನ್ಸ್, ಗೋಳಿಬಜೆ, ಮಸಾಲೆ ದೋಸೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದರೆ ಮುಗಿಯಿತು. ಗೋಳಿಬಜೆಗೆ ಏನೇನು ಹಾಕಿದ್ದೀರಿ ಎಂದು ಕೇಳುವವನು ಉಡುಪಿಯಲ್ಲಿ ಇನ್ನೂ ಹುಟ್ಟಿಲ್ಲ.

ಇಲ್ಲಿ ಎಲ್ಲರೂ ಕೇಳುತ್ತಾರೆ. ಹೆಸರು ಓದಲು ಬರುವುದಿಲ್ಲ, ಚಿತ್ರ ನೋಡಿದರೆ ತಿಳಿಯುವುದಿಲ್ಲ, ಬೆಲೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಆದ್ದರಿಂದ ಮೆನು ಕಾರ್ಡನ್ನು ಮಗುಚಿಟ್ಟು ನನ್ನ ಮುಖ ನೋಡುತ್ತಾರೆ. ಕೇಳುವ ಮೊದಲ ಪ್ರಶ್ನೆ ಹತ್ತರಲ್ಲಿ ಎಂಟು ಸಲ ಇದೇ: ‘ಇದು ನಮ್ಮ ಗಸಿಯ ಹಾಗೆಯೇ?’ ಗಸಿ ಎಂದರೆ ತೆಂಗಿನಕಾಯಿ ಮಸಾಲೆ ಅರೆದು ಮಾಡುವ ನಮ್ಮ ಕರಾವಳಿಯ ದಪ್ಪ ಸಾರು.

ಮೊದಲ ಕೆಲವು ವಾರ ನಾನು ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ಗಿಳಿಪಾಠ ಒಪ್ಪಿಸುತ್ತಿದ್ದೆ. ಗಲಾಂಗಲ್, ಲೆಮನ್ ಗ್ರಾಸ್, ಕಾಫಿರ್ ಲೈಮ್. ಟೇಬಲಿನವರ ಕಣ್ಣು ಅಷ್ಟರಲ್ಲಿ ಪಕ್ಕದ ಟೇಬಲಿನ ತಟ್ಟೆಯ ಮೇಲೆ ಇರುತ್ತಿತ್ತು. ಒಂದು ದಿನ ಕದ್ರಿಯ ಕಡೆಯ ಒಂದು ಕುಟುಂಬ ಬಂದಿತ್ತು. ಪಾಡ್ ಥಾಯ್ ನೂಡಲ್ಸ್ ಬಾಯಿಗಿಟ್ಟ ಹಿರಿಯರೊಬ್ಬರು, ‘ಇದೇನು ಮಾರಾಯರೇ, ಶ್ಯಾವಿಗೆಗೆ ಸಕ್ಕರೆ ಹಾಕಿದ್ದೀರಿ?’ ಎಂದರು. ಏನೋ ಹೊಳೆಯಿತು. ‘ಅನಾನಸಿನ ಮೆಣಸ್ಕಾಯಿ ಉಣ್ಣುವುದಿಲ್ಲವೇ ಸರ್? ಅದೇ ಲೆಕ್ಕ. ಹುಣಸೆ ಹುಳಿ, ತಾಳೆ ಬೆಲ್ಲ, ಮೆಣಸು. ಮೂರೂ ಒಂದರ ಕೈ ಒಂದು ಹಿಡಿದುಕೊಂಡು ಬರಬೇಕು’ ಎಂದೆ. ಅವರು ಇನ್ನೊಂದು ತುತ್ತು ತೆಗೆದುಕೊಂಡು, ಕಣ್ಣು ಮುಚ್ಚಿ ಅಗಿದು, ‘ಹೌದಲ್ಲ’ ಎಂದರು. ಆಮೇಲೆ ಇನ್ನೊಂದು ಪ್ಲೇಟು ಹೇಳಿದರು.

ಅಲ್ಲಿಂದ ನನಗೆ ದಾರಿ ಸಿಕ್ಕಿತು. ಗಲಾಂಗಲ್ ಎಂದರೆ ದುಂಪರಾಸ್ಮೆ, ಅಜ್ಜಿಯಂದಿರು ಕಷಾಯಕ್ಕೆ ಹಾಕುತ್ತಿದ್ದ ಬೇರು. ಲೆಮನ್ ಗ್ರಾಸ್ ಎಂದರೆ ಮಜ್ಜಿಗೆ ಹುಲ್ಲು. ಹಿತ್ತಿಲಿನಲ್ಲಿ ಬೆಳೆದು ನಿಂತರೂ ಯಾರೂ ತಿರುಗಿ ನೋಡದ ಆ ಹುಲ್ಲಿನ ಸೂಪಿಗೆ ಇಲ್ಲಿ ಇಷ್ಟು ರೂಪಾಯಿ ಎಂದರೆ ಒಂದು ನಗು ಗ್ಯಾರಂಟಿ. ಟಾಮ್ ಯಮ್ ಸೂಪಿನಲ್ಲಿ ಈ ಹುಲ್ಲು, ಬೇರು, ಮಕ್ರುತ್ ನಿಂಬೆಯ (ಅದೇ ಕಾಫಿರ್ ಲೈಮ್) ಎಲೆ ಮೂರೂ ಇರುತ್ತವೆ. ಮೂರನ್ನೂ ತಿನ್ನಬಾರದು, ಬದಿಗಿಡಬೇಕು. ನಾನು ಅದನ್ನು ಹೇಳಲು ಮರೆತ ಒಂದು ರಾತ್ರಿ ಬ್ಯಾಂಕಿನ ಮೇಡಂ ಒಬ್ಬರು ಹುಲ್ಲಿನ ದಂಟನ್ನು ಐದು ನಿಮಿಷ ಶ್ರದ್ಧೆಯಿಂದ ಅಗಿದು, ‘ಬೆಂದಿಲ್ಲ’ ಎಂದು ದೂರು ಕೊಟ್ಟರು. ಈಗ ಬಟ್ಟಲು ಇಡುವಾಗಲೇ ಹೇಳುತ್ತೇನೆ: ‘ಸಾರಿನ ಕರಿಬೇವಿನ ಹಾಗೆ, ಪರಿಮಳಕ್ಕೆ ಮಾತ್ರ.’ 2024ರ ಡಿಸೆಂಬರಿನಲ್ಲಿ ಸೀಗಡಿಯ ಟಾಮ್ ಯಮ್ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಸ್ವಲ್ಪ ದಿನ ಕಾಲೇಜು ಹುಡುಗರು ಬಂದು ‘ಆ ಯುನೆಸ್ಕೋ ಸೂಪು’ ಎಂದೇ ಕೇಳುತ್ತಿದ್ದರು.

ಮೆಣಸಿನದು ಬೇರೆಯೇ ಕಥೆ. ನಮ್ಮವರು ಖಾರದ ಪಾಠ ಕಲಿತದ್ದು ಬ್ಯಾಡಗಿ ಮೆಣಸಿನಲ್ಲಿ. ಅದು ಬಣ್ಣ ಕೊಡುವಷ್ಟು ಉರಿ ಕೊಡುವುದಿಲ್ಲ. ಹುರಿದು, ಕೊತ್ತಂಬರಿಯ ಜೊತೆ ಅರೆದು, ತೆಂಗಿನಕಾಯಿಯಲ್ಲಿ ಕುದಿಸುವ ಹೊತ್ತಿಗೆ ಸಾಧುವಾಗಿರುತ್ತದೆ. ಥಾಯ್ ಅಡುಗೆಯ ಸಣ್ಣ ಮೆಣಸು ಹಸಿಯಾಗಿಯೇ ಜಜ್ಜಿ ಬೀಳುತ್ತದೆ, ನಮ್ಮ ಗಾಂಧಾರಿ ಮೆಣಸಿನ ಬಂಧು. ಥಾಯ್ ಭಾಷೆಯಲ್ಲಿ ಅದರ ಹೆಸರಿನ ಅರ್ಥ ‘ಇಲಿ ಹಿಕ್ಕೆ ಮೆಣಸು’ ಎಂದು. ಇದನ್ನು ಊಟದ ಹೊತ್ತಿನಲ್ಲಿ ಹೇಳಬಾರದು ಎಂದು ನಾನು ಒಮ್ಮೆ ಹೇಳಿಯೇ ಕಲಿತೆ. ‘ನಾವು ಮಂಗಳೂರಿನವರು, ಖಾರ ನಮಗೆ ಹೊಸದಲ್ಲ, ಥಾಯ್ ಖಾರವೇ ಇರಲಿ’ ಎನ್ನುವ ಗಂಡಸರು ವಾರಕ್ಕೆ ನಾಲ್ವರಾದರೂ ಬರುತ್ತಾರೆ. ಪಪ್ಪಾಯಿಕಾಯಿಯ ಕೋಸಂಬರಿಯಂಥ ಸೋಮ್ ತಾಮ್ ಮುಗಿಯುವ ಮೊದಲೇ ಅವರ ಕಣ್ಣು ನೀರಿನ ಜಗ್ಗನ್ನು ಹುಡುಕುತ್ತಿರುತ್ತದೆ. ಆಗ ನಾನು ನೀರನ್ನಲ್ಲ, ಸದ್ದಿಲ್ಲದೆ ಒಂದು ಬಟ್ಟಲು ಬಿಳಿ ಅನ್ನ ತಂದಿಡುತ್ತೇನೆ. ಮರ್ಯಾದೆಯೂ ಉಳಿಯಬೇಕಲ್ಲ.

ಹಸಿರು ಕರಿಯ, ಅಂದರೆ ಥಾಯ್ ಗ್ರೀನ್ ಕರಿಯ ಮೇಲೆ ಎಣ್ಣೆ ತೇಲುತ್ತದೆ ಎಂಬುದು ಇನ್ನೊಂದು ದೂರು. ನಮ್ಮಲ್ಲಿ ದಪ್ಪ ತೆಂಗಿನ ಹಾಲನ್ನು ಕೊನೆಗೆ ಹಾಕಿ, ಒಡೆಯಬಾರದು ಎಂದು ಉರಿ ತಗ್ಗಿಸುತ್ತಾರೆ. ಅಲ್ಲಿ ದಪ್ಪ ಹಾಲೇ ಮೊದಲು. ಅದು ಒಡೆದು ಎಣ್ಣೆ ಬಿಡುವ ತನಕ ಕಾಯಿಸಿ, ಆ ಎಣ್ಣೆಯಲ್ಲೇ ಮಸಾಲೆ ಹುರಿಯುತ್ತಾರೆ. ನಮಗೆ ಯಾವುದು ಕೈತಪ್ಪೋ ಅದೇ ಅವರಿಗೆ ಕೈಗುಣ. ಇದನ್ನು ಹೇಳಿದರೆ ಗೃಹಿಣಿಯರು ಮಾತ್ರ ಆಸಕ್ತಿಯಿಂದ ಕೇಳುತ್ತಾರೆ, ಉಳಿದವರು ಟಿಶ್ಯೂ ಪೇಪರಿನಿಂದ ಎಣ್ಣೆ ತೆಗೆಯುತ್ತಾರೆ.

ಕಾಪುವಿನ ಕಡೆಯ ಒಬ್ಬ ಅಜ್ಜ ಮೊಮ್ಮಕ್ಕಳ ಜೊತೆ ಬಂದಿದ್ದರು. ಚಮಚ ಮುಳ್ಳುಚಮಚ ನೋಡಿ ಕೈಯನ್ನು ಪಂಚೆಯ ಮೇಲೆಯೇ ಇಟ್ಟುಕೊಂಡು ಕುಳಿತರು. ಮೊಮ್ಮಗ ಚಾಪ್‌ಸ್ಟಿಕ್ ಕೊಡಿ ಎಂದು ಹಟ ಹಿಡಿದಿದ್ದ. ಥಾಯ್ ಜನ ಅನ್ನ ಉಣ್ಣುವುದು ಚಮಚದಲ್ಲಿ. ಎಡಗೈಯ ಮುಳ್ಳುಚಮಚ ಅನ್ನವನ್ನು ಅದಕ್ಕೆ ದೂಡಲು ಮಾತ್ರ. ಚಾಪ್‌ಸ್ಟಿಕ್ ಬರುವುದು ನೂಡಲ್ಸ್ ಬಟ್ಟಲಿನ ಜೊತೆಗೆ. ಆದರೆ ಆ ದೇಶದ ಈಶಾನ್ಯದಲ್ಲಿ, ಉತ್ತರದಲ್ಲಿ ಅಂಟು ಅಕ್ಕಿಯ ಅನ್ನವನ್ನು ಕೈಯಲ್ಲೇ ಉಂಡೆ ಮಾಡಿ ಪಲ್ಯಕ್ಕೆ ಅದ್ದಿ ತಿನ್ನುತ್ತಾರೆ. ಅಜ್ಜನಿಗೆ ಇಷ್ಟನ್ನು ಹೇಳಿ ಒಂದು ಬುಟ್ಟಿ ಅಂಟು ಅನ್ನ ತಂದಿಟ್ಟೆ. ಅವರು ತೋಳು ಮಡಚಿಕೊಂಡ ರೀತಿ ನೋಡಬೇಕಿತ್ತು. ಹೋಗುವಾಗ ‘ಪಾಪದ ಜನ, ನಮ್ಮ ಹಾಗೆಯೇ’ ಎಂದು ಥಾಯ್ಲೆಂಡಿಗೇ ಸರ್ಟಿಫಿಕೇಟು ಕೊಟ್ಟರು.

ಇಷ್ಟೆಲ್ಲ ಏಕೆ ಹೇಳಿದೆ ಎಂದರೆ, ಆರು ತಿಂಗಳು ಕಳೆಯುವ ಹೊತ್ತಿಗೆ ನನಗೆ ನನ್ನ ನಾಲಿಗೆಯ ಮೇಲೆ ಸ್ವಲ್ಪ ಹೆಮ್ಮೆ ಬಂದಿತ್ತು. ಯಾವ ತಿನಿಸು ಹೇಳಿ, ಅದಕ್ಕೊಂದು ಊರಿನ ಜೋಡಿ ನನ್ನ ಬಳಿ ಸಿದ್ಧವಿತ್ತು. ಗಿರಾಕಿಗಳು ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ಟಿಪ್ಸ್ ಪೆಟ್ಟಿಗೆ ಭಾರವಾಗುತ್ತಿತ್ತು. ಒಮ್ಮೆ ಮಾತ್ರ ಎಡವಿದ್ದೆ. ಕೋಳಿ ಕೊಚ್ಚಿ ಹುರಿದ ಪಾಡ್ ಕಪ್ರಾವ್ ಎಂಬುದನ್ನು ವರ್ಣಿಸುವಾಗ ‘ಅದಕ್ಕೆ ನಮ್ಮ ತುಳಸಿಯನ್ನೇ ಹಾಕುತ್ತಾರೆ’ ಎಂದುಬಿಟ್ಟೆ. ಥಾಯ್ಲೆಂಡಿನ ಮಟ್ಟಿಗೆ ಅದು ಸತ್ಯವೇ. ಕಪ್ರಾವ್ ಎಂದರೆ ತುಳಸಿ. ಎದುರಿಗಿದ್ದ ತಾಯಿ ಮೆನು ಮುಚ್ಚಿ ಎದ್ದೇ ನಿಂತರು. ತುಳಸಿಕಟ್ಟೆಯ ಎದುರು ದೀಪವಿಟ್ಟು ಬಂದವರಿಗೆ ಕೋಳಿಯ ಜೊತೆ ತುಳಸಿ ಎಂದರೆ ಹೇಗಾಗಬೇಡ? ನಮ್ಮ ಅಡುಗೆಮನೆಯಲ್ಲಿ ಬಳಸುವುದು ಕಾಮಕಸ್ತೂರಿಯ ಜಾತಿಯ ಎಲೆ ಎಂದು ಸಮಾಧಾನ ಹೇಳಿ ಕೂರಿಸಿದೆ. ಹೋಲಿಕೆ ಎಂಬುದು ಎರಡು ಅಂಚಿನ ಚೂರಿ ಎಂದು ಅವತ್ತೇ ತಿಳಿಯಬೇಕಿತ್ತು. ತಿಳಿಯಲಿಲ್ಲ, ನಗುವ ಪ್ರಸಂಗಗಳ ಲೆಕ್ಕಕ್ಕೆ ಸೇರಿಸಿ ಸುಮ್ಮನಾದೆ.

ಮೇ ತಿಂಗಳ ಒಂದು ಶನಿವಾರ. ಉಡುಪಿಯಿಂದ ಒಂದು ಕುಟುಂಬ ಬಂತು: ಅಮ್ಮ, ಬೆಂಗಳೂರಿನಿಂದ ರಜೆಗೆ ಬಂದ ಮಗ, ಸೊಸೆ, ಒಂದು ಮಗು. ಸೊಸೆ ಕೇಳಿದರು, ‘ಹಸಿರು ಕರಿಯಲ್ಲಿ ವೆಜ್ ಇದೆಯೇ?’

‘ಇದೆ ಮೇಡಂ.’

ಅಮ್ಮ ನನ್ನ ಕಡೆ ತಿರುಗಿದರು. ‘ಅದು ಹೇಗಿರುತ್ತದೆ ಮಾಣಿ?’

ಮಾಣಿ ಎಂದು ಕರೆಸಿಕೊಳ್ಳದೆ ಎಷ್ಟೋ ಕಾಲವಾಗಿತ್ತು. ಉಡುಪಿಯ ಹೋಟೆಲು ನೆನಪಾಗಿ ನನಗೆ ಉತ್ಸಾಹವೇ ಬಂತು. ‘ನಮ್ಮ ತರಕಾರಿ ಗಸಿಯ ಹಾಗೆಯೇ ಅಮ್ಮ. ತೆಂಗಿನ ಹಾಲು, ಹಸಿಮೆಣಸು, ಕೊತ್ತಂಬರಿ, ಬದನೆ. ಪರಿಮಳ ಮಾತ್ರ ಬೇರೆ’ ಎಂದೆ. ಅವರು ಎರಡು ಸಲ ಹಾಕಿಸಿಕೊಂಡು ಉಂಡರು. ಬಟ್ಟಲಿನ ತಳಕ್ಕೆ ಅನ್ನ ಕಲಸಿ ಬಳಿದರು. ‘ನನ್ನ ಕೈಯಲ್ಲಿ ಈ ರುಚಿ ಬರುವುದಿಲ್ಲ’ ಎಂದು ಸೊಸೆಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ, ಆ ರಾತ್ರಿ ರೂಮಿಗೆ ಹೋಗಿ ಜೊತೆಯವರಿಗೂ ಹೇಳಿದೆ.

ಜೂನ್ 1ಕ್ಕೆ ಟ್ರಾಲಿಂಗ್ ನಿಷೇಧ ಬಂತು. ನಮ್ಮ ಕರಾವಳಿಯಲ್ಲಿ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ, ಸೀಗಡಿಯ ಬೆಲೆ ಕೈಗೆ ಸಿಗುವುದಿಲ್ಲ. ನಮ್ಮ ಧಣಿಗಳು ಒಂದು ದಿನ ಮಧ್ಯಾಹ್ನದ ರಶ್ಶು ಇಳಿದ ಮೇಲೆ ಕರೆದು, ‘ಸೀಗಡಿ ಇರುವ ಸಾಮಾನು ಏನೇನಿದೆ, ಸ್ಟೋರಿಗೆ ಹೋಗಿ ಒಂದು ಪಟ್ಟಿ ಮಾಡು. ಎರಡು ತಿಂಗಳು ಎಳೆಯಬೇಕು’ ಎಂದರು. ಸ್ಟೋರ್ ನೋಡಿಕೊಳ್ಳುವವನು ಊರಿಗೆ ಹೋಗಿದ್ದ. ಹೊರಗೆ ಮಳೆ ಹೊಯ್ಯುತ್ತಿತ್ತು, ಒಳಗೆ ಒಂದೇ ಬಲ್ಬು.

ಫ್ರೀಜರಿನ ಸೀಗಡಿ ಬರೆದೆ. ಒಣ ಸೀಗಡಿಯ ಪ್ಯಾಕೆಟ್ ಬರೆದೆ. ಆಮೇಲೆ ಕಪಾಟಿನ ಮೇಲಿದ್ದ ಹಸಿರು ಕರಿ ಪೇಸ್ಟಿನ ದೊಡ್ಡ ಡಬ್ಬಿಯನ್ನು ದಾರಿಗಡ್ಡ ಎಂದು ಸರಿಸುವಾಗ ಅದರ ಬೆನ್ನು ನನ್ನ ಕಡೆ ತಿರುಗಿತು. ಕಂದು ಬಣ್ಣದ ಮಾಂಸಾಹಾರದ ಗುರುತು. ಕೆಳಗೆ ಇರುವೆ ಸಾಲಿನಂಥ ಅಕ್ಷರ: ಹಸಿಮೆಣಸು, ಬೆಳ್ಳುಳ್ಳಿ, ಮಜ್ಜಿಗೆ ಹುಲ್ಲು, ಉಪ್ಪು, ದುಂಪರಾಸ್ಮೆ, ಸೀಗಡಿ.

ಅದು ನಾನು ದಿನಕ್ಕೆ ಹತ್ತು ಸಲ ಹಾದುಹೋಗುತ್ತಿದ್ದ ಕಪಾಟು.

ಅಡುಗೆಮನೆಯಲ್ಲಿ ಪೇಸ್ಟನ್ನು ಸ್ಟೀಲಿನ ಡಬ್ಬಕ್ಕೆ ಸುರಿದುಕೊಳ್ಳುತ್ತಾರೆ, ಹಾಗಾಗಿ ಲೇಬಲ್ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಮ್ಮ ಶೆಫ್ ಡಾರ್ಜಿಲಿಂಗಿನವರು, ಬ್ಯಾಂಕಾಕಿನಲ್ಲೂ ದುಡಿದವರು. ಎಲ್ಲರೂ ಅವರನ್ನು ದಾಜು ಎನ್ನುತ್ತೇವೆ, ಅವರ ಭಾಷೆಯಲ್ಲಿ ಅಣ್ಣ ಎಂದರ್ಥ. ಡಬ್ಬಿ ಹಿಡಿದುಕೊಂಡು ಅವರ ಬಳಿ ಹೋದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ‘ಸೀಗಡಿಯಿಲ್ಲದೆ ಹಸಿರು ಕರಿ ಹೇಗಾಗುತ್ತದೆ? ಉಪ್ಪು ಹಾಕಿ ಕೊಳೆಸಿ, ಬಿಸಿಲಿಗೆ ಒಣಗಿಸಿ, ಕುಟ್ಟಿ ಮಾಡುವ ಪೇಸ್ಟು ಅದು, ಕಪಿ ಎನ್ನುತ್ತಾರೆ. ಅದೇ ಬುನಾದಿ. ವೆಜ್ ಎಂದು ನೀವು ಬರೆದು ಕಳುಹಿಸಿದರೆ ನಾನು ಕೋಳಿ ಹಾಕುವುದಿಲ್ಲ. ಕಪಿ ಬೇಡ ಎಂದು ನೀವು ಯಾವತ್ತು ಹೇಳಿದ್ದೀರಿ?’

ಹೇಳಿರಲಿಲ್ಲ. ಮೆನುವಿನ ಹಸಿರು ಚುಕ್ಕೆಯನ್ನು ಇಟ್ಟದ್ದು ಯಾರು ಎಂದು ಹುಡುಕಿಕೊಂಡು ಹೋದರೆ ಅದು ಪ್ರಿಂಟಿಂಗ್ ಪ್ರೆಸ್ಸಿನ ತನಕ ಹೋಯಿತು. ಅವರು ಹೆಸರಿನಲ್ಲಿ ತರಕಾರಿ ಕಂಡಲ್ಲೆಲ್ಲ ಚುಕ್ಕೆ ಹಾಕಿದ್ದರು, ನಾವು ನೋಡಿ ಸರಿ ಎಂದಿದ್ದೆವು. ಆ ಸಂಜೆ ದಾಜು ಮತ್ತು ನಾನು ಕುಳಿತು ಚುಕ್ಕೆ ಇದ್ದ 14 ತಿನಿಸುಗಳನ್ನು ಒಂದೊಂದಾಗಿ ಬಿಡಿಸಿದೆವು. ಎರಡು ಕರಿಗಳಲ್ಲಿ ಸೀಗಡಿ ಪೇಸ್ಟು. ಪಾಡ್ ಥಾಯ್‌ಗೆ ನಾಮ್ ಪ್ಲಾ, ಅಂದರೆ ಬೂತಾಯಿಯಂಥ ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ ರಸ. ಸೋಮ್ ತಾಮ್‌ಗೂ ಅದೇ, ಮೇಲೆ ಒಣ ಸೀಗಡಿ. ಸೊಪ್ಪಿನ ಪಲ್ಯಕ್ಕೆ ಆಯ್ಸ್ಟರ್ ಸಾಸ್, ಅಂದರೆ ಕಡಲಿನ ಚಿಪ್ಪುಜೀವಿಯ ರಸ. ವೆಜ್ ಸೂಪಿನ ನೀರೇ ಕೋಳಿ ಎಲುಬು ಬೇಯಿಸಿದ್ದು. ಹದಿನಾಲ್ಕರಲ್ಲಿ ಆರು ಹೋದವು.

ಗಸಿಯ ಹಾಗೆಯೇ ಎಂದಿದ್ದೆನಲ್ಲ, ಅಲ್ಲೇ ನಾನು ಜಾರಿದ್ದು. ನಮ್ಮ ಗಸಿಯಲ್ಲಿ ಕೋಳಿ ತೆಗೆದು ಕಡಲೆಯನ್ನೋ ಅಲಸಂಡೆಯನ್ನೋ ಹಾಕಿದರೆ ಅದು ನಿಜಕ್ಕೂ ಸಸ್ಯಾಹಾರ, ಏಕೆಂದರೆ ಅರೆಯುವ ಮಸಾಲೆಯಲ್ಲಿ ಮೀನಿಲ್ಲ. ನಮ್ಮಲ್ಲಿ ಮೀನು ತಟ್ಟೆಯಲ್ಲಿ ಕಣ್ಣಿಗೆ ಕಾಣಿಸುತ್ತದೆ. ಅಲ್ಲಿ ಅದು ಉಪ್ಪಿನ ಜಾಗದಲ್ಲಿ ಕುಳಿತಿರುತ್ತದೆ. ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಾಗದ ಹಾಗೆ ನನ್ನ ಸೊಗಸಾದ ಹೋಲಿಕೆ ಅದನ್ನು ಮುಚ್ಚಿತ್ತು. ಮೊದಲ ವಾರಗಳ ಗಿಳಿಪಾಠದಲ್ಲೇ ಉಳಿದಿದ್ದರೆ ಬಹುಶಃ ನಾನು ಒಳಗೆ ಹೋಗಿ ಕೇಳಿಕೊಂಡು ಬರುತ್ತಿದ್ದೆ. ಮಾತು ಬಲ್ಲವನು ಕೇಳಲು ಹೋಗುವುದಿಲ್ಲ.

ಧಣಿಗಳು ಒಳ್ಳೆಯವರೇ. ಬೈಯಲಿಲ್ಲ. ಹಳೆಯ ಮೆನು ತೆಗೆದಿಟ್ಟು ಹೊಸದು ಮಾಡಿಸಲು ಒಪ್ಪಿದರು, ವೆಜ್‌ಗೆ ಬೇರೆ ಬಾಣಲೆ ಬೇರೆ ಸೌಟು ಕೊಡಿಸಿದರು. ಆದರೆ ಇಷ್ಟು ದಿನ ತಿಂದು ಹೋದವರ ಮಾತೆತ್ತಿದಾಗ, ‘ಆದದ್ದು ಆಯಿತು. ಅವರಿಗೆ ಗೊತ್ತಿಲ್ಲ, ನಾವೇ ಕೆದಕುವುದು ಬೇಡ’ ಎಂದರು. ನಾನೂ ತಲೆಯಾಡಿಸಿದೆ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಯಾರಿಗೆ ಹೇಳುವುದು ಎಂದು ಸಮಾಧಾನ ಮಾಡಿಕೊಂಡೆ. ಬಟ್ಟಲಿನ ತಳ ಬಳಿದು ಉಂಡ ಆ ಅಮ್ಮನ ಮುಖ ಮಾತ್ರ ಮಳೆಗಾಲವಿಡೀ ಎದುರಿಗೆ ಇತ್ತು.

ದಾಜು ಈ ಕೆಲಸವನ್ನು ಹಟಕ್ಕೆ ತೆಗೆದುಕೊಂಡರು. ಮಸಾಲೆಯನ್ನು ಇಲ್ಲೇ ಅರೆಯಲು ಆರಂಭಿಸಿ, ಕಪಿಯ ಬದಲು ಹುದುಗಿಸಿದ ಸೋಯಾ ಕಾಳಿನ ಪೇಸ್ಟು ಹಾಕಿದರು. ಆಗಲೇ ಅವರು ನನಗೊಂದು ವಿಷಯ ಹೇಳಿದ್ದು. ಥಾಯ್ ಭಾಷೆಯಲ್ಲಿ ಸಸ್ಯಾಹಾರಕ್ಕೆ ಎರಡು ಮಾತುಗಳಿವೆ. ಒಂದು ‘ಮಂಗ್ಸವಿರತ್’. ಕಿವಿಗೊಟ್ಟು ಕೇಳಿದರೆ ಅದು ನಮ್ಮ ಮಾಂಸವಿರತಿಯೇ. ಊಟಕ್ಕೆ ಅವರು ಹೇಳುವ ‘ಆಹಾನ್’ ನಮ್ಮ ಆಹಾರವಾಗಿರುವ ಹಾಗೆ. ಇದರಲ್ಲಿ ಮೊಟ್ಟೆ ಹಾಲು ನಡೆಯುತ್ತದೆ. ಇನ್ನೊಂದು ‘ಜೇ’. ಅದು ವ್ರತದ ಊಟ: ಮೀನು, ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ, ಮೇಲಾಗಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ಅಲ್ಲಿ ಈ ವ್ರತ. ಅಂಗಡಿಗಳ ಮುಂದೆ ಕೆಂಪಕ್ಷರದ ಹಳದಿ ಬಾವುಟ ಕಟ್ಟುತ್ತಾರೆ, ಫುಕೆಟ್‌ನಲ್ಲಿ ದೊಡ್ಡ ಮೆರವಣಿಗೆಗಳೇ ನಡೆಯುತ್ತವೆ. ಅಮಾವಾಸ್ಯೆ ಕಳೆದು ಆರಂಭವಾಗುವುದರಿಂದ ಎಷ್ಟೋ ವರ್ಷ ಅದು ನಮ್ಮ ನವರಾತ್ರಿಯ ದಿನಗಳಿಗೇ ಬಂದು ಬೀಳುತ್ತದೆ. 2023ರಲ್ಲಿ ಎರಡೂ ಅಕ್ಟೋಬರ್ 15ಕ್ಕೇ ಶುರುವಾಗಿದ್ದವು. ಕುದ್ರೋಳಿಯಲ್ಲಿ ಶಾರದೆಯನ್ನು ಕೂರಿಸುವ ದಿನ ಫುಕೆಟ್‌ನಲ್ಲೂ ಬೆಳ್ಳುಳ್ಳಿ ಬಂದ್.

ಈ ಮಾತು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉಡುಪಿಯ ಮಠದ ಅಡುಗೆಯ ಮಡಿಗೆ ಸರಿಸಾಟಿಯಾದ ಊಟ ಥಾಯ್ ಅಡುಗೆಯಲ್ಲೇ ಇತ್ತು. ಅದಕ್ಕೊಂದು ಹೆಸರೂ ಇತ್ತು. ನಾನು ಹೋಲಿಸಬೇಕಾಗಿದ್ದದ್ದು ಅದರ ಜೊತೆ.

ಈಗ ನಾನು ‘ವೆಜ್ ಇದೆಯೇ’ ಎಂಬ ಪ್ರಶ್ನೆಗೆ ಇದೆ ಎನ್ನುವುದಿಲ್ಲ. ‘ನಿಮಗೆ ಏನೇನು ಆಗುವುದಿಲ್ಲ?’ ಎಂದು ಕೇಳುತ್ತೇನೆ. ಈ ಊರಿನಲ್ಲಿ ವೆಜ್ ಎಂಬ ಒಂದು ಮಾತಿಗೆ ಎಷ್ಟು ಅರ್ಥ ಎಂದು ಆಗ ಗೊತ್ತಾಯಿತು. ಮೊಟ್ಟೆ ಪರವಾಗಿಲ್ಲ ಎನ್ನುವ ವೆಜ್ ಇದೆ. ಬೆಳ್ಳುಳ್ಳಿಯ ವಾಸನೆಯೂ ಕೂಡದು ಎನ್ನುವ ವೆಜ್ ಇದೆ. ಗಡ್ಡೆ ಬೇಡ ಎನ್ನುವ ಜೈನ ವ್ಯಾಪಾರಿಗಳಿದ್ದಾರೆ. ‘ಇವತ್ತು ಸೋಮವಾರ, ಹಾಗಾಗಿ ವೆಜ್’ ಎನ್ನುವವರಲ್ಲಿ ಕೆಲವರು ಸಾಸಿನಲ್ಲಿ ಮೀನಿದ್ದರೆ ಏನೀಗ ಎಂದು ನಗುತ್ತಾರೆ, ಕೆಲವರು ಕೈಯನ್ನೇ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಮುಖ ನೋಡಿ, ಹೆಸರು ಕೇಳಿ ಊಹಿಸಿದರೆ ತಪ್ಪುತ್ತದೆ, ಕೇಳಿಯೇ ತಿಳಿಯಬೇಕು. ಕೊನೆಗೆ ನೆಲಕಡಲೆ ಮತ್ತು ಸೀಗಡಿ ಅಲರ್ಜಿಯನ್ನೂ ಕೇಳುತ್ತೇನೆ. ಹೊಸಬರು ಇದನ್ನು ಪೊಲೀಸ್ ವಿಚಾರಣೆ ಎನ್ನುತ್ತಾರೆ. ಅರ್ಧ ನಿಮಿಷದ ಕೆಲಸ ಅಷ್ಟೇ. ಹೊಸ ಸಾಮಾನು ಬಂದ ದಿನ ಸ್ಟೋರಿನಲ್ಲಿ ನಿಂತು ಪ್ರತಿ ಡಬ್ಬಿಯ ಬೆನ್ನು ಓದುತ್ತೇನೆ. ಅದೇ ಬ್ರ್ಯಾಂಡು, ಅದೇ ಬಣ್ಣದ ಮುಚ್ಚಳ, ಆದರೆ ಒಂದರಲ್ಲಿ ಸೀಗಡಿ ಇದೆ, ಇನ್ನೊಂದರಲ್ಲಿ ಇಲ್ಲ, ಹಾಗೂ ಆಗಿದೆ. ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ ಎಂಬುದನ್ನೂ ಹೀಗೆ ಓದುವಾಗಲೇ ತಿಳಿದದ್ದು.

ಹೋಲಿಕೆ ಬಿಟ್ಟಿಲ್ಲ. ಬಿಟ್ಟರೆ ನನಗೆ ಟೇಬಲಿನ ಬಳಿ ಹೇಳಲು ಏನೂ ಉಳಿಯುವುದಿಲ್ಲ. ‘ಗಸಿಯ ಹಾಗೆ’ ಎಂದ ಮೇಲೆ ಉಸಿರು ತೆಗೆದುಕೊಳ್ಳದೆ ‘ಆದರೆ’ ಎನ್ನುತ್ತೇನೆ.

ಚೌತಿ ಕಳೆದ ಮೇಲೆ ಆ ಕುಟುಂಬ ಮತ್ತೆ ಬಂತು. ಮಗ ಇರಲಿಲ್ಲ, ಅಮ್ಮ, ಸೊಸೆ, ಮಗು. ಬಾಗಿಲಿನಲ್ಲೇ ನನ್ನನ್ನು ಗುರುತು ಹಿಡಿದು, ‘ಮಾಣಿ, ಅವತ್ತಿನ ಹಸಿರು ಗಸಿಯೇ ಬೇಕು’ ಎಂದರು. ಇದೇ ದಿನಕ್ಕೆ ದಾಜು ಸೋಯಾ ಹಾಕಿ ಅರೆದಿಟ್ಟಿದ್ದಾರೆ ಎಂದು ನನಗೆ ಒಳಗೊಳಗೇ ಖುಷಿ. ತಪ್ಪನ್ನು ಯಾರಿಗೂ ತಿಳಿಯದ ಹಾಗೆ ತೊಳೆದುಕೊಳ್ಳುವ ಅವಕಾಶ ಇಷ್ಟು ಸಲೀಸಾಗಿ ಸಿಗುತ್ತದೆ ಎಂದು ಯಾರಿಗೆ ಗೊತ್ತಿತ್ತು? ಬಟ್ಟಲು ತಂದಿಟ್ಟೆ. ಅಮ್ಮ ಒಂದು ಚಮಚ ಬಾಯಿಗಿಟ್ಟರು, ಇನ್ನೊಂದು ಇಟ್ಟರು, ನಿಲ್ಲಿಸಿದರು.

‘ಅವತ್ತಿನ ರುಚಿ ಇಲ್ಲವಲ್ಲ. ಅಡುಗೆಯವರು ಬದಲಾದರೇ?’

ಇಲ್ಲ ಎಂದು ಹೇಳಿ ನಗಬಹುದಿತ್ತು. ಮಳೆಗಾಲದ ತೆಂಗಿನಕಾಯಿ ಎನ್ನಬಹುದಿತ್ತು, ಅದು ಎಲ್ಲರೂ ಒಪ್ಪುವ ಕಾರಣ. ಬಾಯಿಯವರೆಗೆ ಬಂದೂ ಇತ್ತು. ಸೊಸೆ ಮಗುವಿನ ಬಾಯಿ ಒರೆಸುತ್ತಿದ್ದರು. ನಾನು ಬಗ್ಗಿ, ಅಮ್ಮನಿಗೆ ಮಾತ್ರ ಕೇಳುವ ಹಾಗೆ, ಮೇ ತಿಂಗಳಲ್ಲಿ ಆದದ್ದನ್ನು ಹೇಳಿದೆ. ಪೇಸ್ಟು, ಡಬ್ಬಿ, ಲೇಬಲ್, ಈಗ ಬದಲಿಸಿದ್ದು. ನಾಲ್ಕು ವಾಕ್ಯ ಆಗಿರಬೇಕು. ಅವರ ಚಮಚ ಬಟ್ಟಲಿನಲ್ಲೇ ಇತ್ತು.

ಬಹಳ ಹೊತ್ತು ಸುಮ್ಮನಿದ್ದು ಕೇಳಿದರು, ‘ಹೇಳದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ಯಾಕೆ ಹೇಳಿದೆ?’

ನನ್ನ ಬಳಿ ಎಲ್ಲದಕ್ಕೂ ಒಂದು ಹೋಲಿಕೆ ಇರುತ್ತಿತ್ತು. ಅವತ್ತು ಯಾವುದೂ ಬರಲಿಲ್ಲ. ‘ನೀವು ಕೇಳಿದಿರಿ ಅಮ್ಮ’ ಎಂದೆ.

ಅವರು ಬಿಸಿನೀರು ತರಿಸಿಕೊಂಡು ಕುಡಿದರು. ಬಟ್ಟಲನ್ನು ಬದಿಗೆ ಸರಿಸಿದರು, ಬರಿ ಅನ್ನಕ್ಕೆ ಮೊಸರು ಇದೆಯೇ ಎಂದು ಕೇಳಿದರು. ಥಾಯ್ ರೆಸ್ಟೋರೆಂಟಿನಲ್ಲಿ ಮೊಸರೆಲ್ಲಿಂದ ಬರಬೇಕು? ನಾವು ನೌಕರರು ಮಧ್ಯಾಹ್ನ ಉಣ್ಣುವ ಮೊಸರಿನ ಪಾತ್ರೆಯಿಂದಲೇ ಒಂದು ಬಟ್ಟಲು ತಂದುಕೊಟ್ಟೆ. ಧಣಿಗಳು ಬಿಲ್ ಬೇಡ ಎಂದು ಸನ್ನೆ ಮಾಡಿದ್ದರು. ಅಮ್ಮ ಪೂರ್ತಿ ಹಣ ಎಣಿಸಿ ಇಟ್ಟು, ಟಿಪ್ಸ್ ಏನೂ ಇಡದೆ, ತಿರುಗಿ ನೋಡದೆ ಹೋದರು. ಅದು ನ್ಯಾಯವೇ. ಧಣಿಗಳು ನನ್ನ ಜೊತೆ ಎರಡು ದಿನ ಲೆಕ್ಕಕ್ಕೆ ಬೇಕಾದಷ್ಟೇ ಮಾತನಾಡಿದರು.

ಅಮ್ಮ ಆಮೇಲೆ ಬಂದಿಲ್ಲ. ನವರಾತ್ರಿಯ ಹೊತ್ತಿಗೆ ಸೊಸೆಯ ಫೋನ್ ಬಂತು. ಮಂಗಳೂರಿನಲ್ಲಿರುವ ತವರು ಮನೆಗೆ ಪಾರ್ಸೆಲ್ ಬೇಕಿತ್ತಂತೆ. ಕೌಂಟರಿನ ಹುಡುಗನ ಹತ್ತಿರ ಅವರು ಮೆನು ಕೇಳಲಿಲ್ಲ, ‘ಆ ಲೇಬಲ್ ಓದುವವರು ಇವತ್ತು ಡ್ಯೂಟಿಯಲ್ಲಿ ಇದ್ದಾರೆಯೇ?’ ಎಂದು ಕೇಳಿದರು. ಇದ್ದೆ. ಜೇ ತರಕಾರಿ ಕರಿ ಎರಡು, ಅನ್ನ ಎರಡು ಕಳುಹಿಸಿದೆ. ಅಂದಿನಿಂದ ತಿಂಗಳಿಗೊಮ್ಮೆ ಕರೆ ಬರುತ್ತದೆ, ಮೊದಲ ಪ್ರಶ್ನೆ ಅದೇ. ಅಮ್ಮನೂ ಉಣ್ಣುತ್ತಾರೆಯೇ ಎಂದು ಕೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ.

ಮಂಗಳವಾರ ನನ್ನ ವಾರದ ರಜೆ. ಕಳೆದ ಮಂಗಳವಾರವೂ ಅವರ ಕರೆ ಬಂದಿತ್ತಂತೆ. ‘ಅವರು ಇವತ್ತು ಇಲ್ಲ ಅಕ್ಕ’ ಎಂದು ಕೌಂಟರಿನ ಹುಡುಗ ಹೇಳಿದಾಗ ಆ ಕಡೆಯಿಂದ ಫೋನ್ ಇಡುವುದರಲ್ಲಿದ್ದರು. ಇವನು ಒಂದು ನಿಮಿಷ ನಿಲ್ಲಿ ಎಂದು ಸ್ಟೋರಿಗೆ ಓಡಿ, ಡಬ್ಬಿ ಹಿಡಿದುಕೊಂಡು ಬಂದು, ಹಿಂದಿದ್ದದ್ದನ್ನೆಲ್ಲ ಒಂದಕ್ಷರ ಬಿಡದೆ ಅವರಿಗೆ ಓದಿ ಹೇಳಿದನಂತೆ. ತಯಾರಿಸಿದ ದಿನಾಂಕ, ನಿವ್ವಳ ತೂಕ, ತಣ್ಣಗಿನ ಜಾಗದಲ್ಲಿ ಇಡಿ ಎಂಬುದನ್ನೂ ಸೇರಿಸಿ.